ರೇವವ್ವನ ಎರಡು ಮುಚ್ಚಳ ಅರಿಷ್ಟ

ಬಮ್ಮಿಗಟ್ಟಿಯ ರೇವವ್ವ ಮೊಮ್ಮಗಳಿಗೆ ಒಂದು ಮಾತು ಕೊಟ್ಟಿದ್ದಳು: ಈ ಸಲ ನೋಡಲು ಬರುವ ವರನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಹಾಗೆ ಮಾತು ಕೊಡುವ ಹೊತ್ತು ಬಂದದ್ದಕ್ಕೆ ಕಾರಣ ಇತ್ತು. ಮೊಮ್ಮಗಳು ನಂದಾ ಕಲಘಟಗಿಯ ಬ್ಯಾಂಕಿನಲ್ಲಿ ನೌಕರಿ ಮಾಡುವ ಹುಡುಗಿ. ಅವಳನ್ನು ನೋಡಲು ಬಂದ ಮೊದಲನೆಯವನು ಹುಬ್ಬಳ್ಳಿಯ ಕಾರಿನ ಷೋರೂಮಿನಲ್ಲಿ ಮ್ಯಾನೇಜರ. ರೇವವ್ವ ಅವನ ಕೈಗೆ ಉಪ್ಪಿಟ್ಟಿನ ತಾಟು ಕೊಡುತ್ತಲೇ, "ಮುದುಕ ಆದಮ್ಯಾಲ ನಿನಗ ಪಿಂಚಣಿ ಯಾರು ಕೊಡತಾರಪಾ?" ಎಂದು ಕೇಳಿದಳು. ಇನ್ನೂ ಮದುವೆಯೇ ಆಗದವನಿಗೆ ಮುದುಕ ಆಗುವ ಮಾತು ಹಿಡಿಸಲಿಲ್ಲ. ಎರಡನೆಯವನು ಔಷಧ ಮಾರುವ ಕಂಪನಿಯವನು. ಅವನಿಗೆ, "ಹೊತ್ತು ಮುಳುಗಿದ ಮ್ಯಾಲೂ ದುಡಸ್ತಾರಂತಲ್ಲ, ಅದಕ್ಕ ಬ್ಯಾರೆ ರೊಕ್ಕ ಕೊಡತಾರೋ, ಬರೇ ಬೆನ್ನು ಚಪ್ಪರಸ್ತಾರೋ?" ಎಂದಳು. ಅವನು ಅರ್ಧ ಕಪ್ಪು ಚಹಾ ಬಿಟ್ಟು ಎದ್ದ.

"ಆಯಿ, ನೀ ವರಾ ನೋಡತೀಯೋ, ಹೊಲಕ್ಕ ಆಳು ಹಚ್ಚತೀಯೋ?" ಎಂದು ನಂದಾ ಅಂದು ಕೂಗಾಡಿದ್ದಳು.

ರೇವವ್ವ ಸುಮ್ಮನೆ ಕೇಳಿದವಳಲ್ಲ. ಅವಳ ಗಂಡ ಹೊಳೆಪ್ಪ ಮೂವತ್ತನಾಲ್ಕು ವರ್ಷ ಒಬ್ಬ ಕಟ್ಟಿಗೆ ಅಡ್ಡೆಯ ಧಣಿಯ ಜೀಪು ನಡೆಸಿದ. ಧಣಿ ಲಗ್ನಕ್ಕೆ ಹೋದರೆ ಹೊಳೆಪ್ಪ ಹೊರಗೆ ಜೀಪಿನಲ್ಲಿ. ಧಣಿ ಇಸ್ಪೀಟು ಆಡಲು ಕೂತರೆ ಆಟ ಮುಗಿಯುವ ತನಕ ಹೊಳೆಪ್ಪ ಜೀಪಿನಲ್ಲಿ. ಹೆಚ್ಚಿನ ತಾಸಿಗೆ ಏನಾದರೂ ಕೊಡ್ರಿ ಎಂದರೆ ಧಣಿಯದು ಒಂದೇ ಉತ್ತರ: "ಗಾಡಿ ನಿಂತಾಗ ನಿಂದೇನು ಕೆಲಸಲೇ, ಹೊಳೆಪ್ಪಾ?" ಕಡೆಗೆ ಹೊಳೆಪ್ಪನ ಕಣ್ಣು ಮಂಜಾದಾಗ ಧಣಿ ಒಂದು ಶಾಲು ಹೊದಿಸಿ, ಕೈಗೆ ಗಡಿಯಾರ ಕಟ್ಟಿ, ಫೋಟೋ ತೆಗೆಸಿ ಮನೆಗೆ ಕಳಿಸಿದ. ಗಡಿಯಾರ ಆ ವರ್ಷವೇ ನಿಂತಿತು. ಶಾಲನ್ನು ರೇವವ್ವ ಧೂಳು ಕೂಡದಿರಲೆಂದು ಜೋಳದ ಹಿಟ್ಟಿನ ಡಬ್ಬಿಗೆ ಹೊದಿಸಿದಳು. ಫೋಟೋ ಮಾತ್ರ ಪಡಸಾಲೆಯ ಗೋಡೆಗೆ ಏರಿತು. ಶಾಲು ಹೊದ್ದ ಹೊಳೆಪ್ಪ ಅದರಲ್ಲಿ, ನಡುದಾರಿಯಲ್ಲಿ ಜೀಪು ಕೆಟ್ಟವರ ಮುಖ ಮಾಡಿಕೊಂಡು ನಿಂತಿದ್ದಾನೆ. ಮುಂದೆ ಅವನು ತೀರಿಕೊಳ್ಳುವ ತನಕದ ಔಷಧ, ಮಗ ಮಾಂತೇಶನ, ಅಂದರೆ ನಂದಾಳ ಅಪ್ಪನ, ಕಾಲೇಜು, ಎಲ್ಲ ನಡೆದದ್ದು ರೇವವ್ವ ಕಟ್ಟಿದ ಎರಡು ಎಮ್ಮೆಗಳಿಂದ. ಎಮ್ಮೆಗಳಿಗೆ ಯಾರೂ ಶಾಲು ಹೊದಿಸಲಿಲ್ಲ.

ಮೂರನೆಯ ವರ ಕುಂದಗೋಳದ ಮೆಣಸಿನಕಾಯಿ ವ್ಯಾಪಾರಿ ಗುಡದಪ್ಪನ ಮಗ ಸಂಗನಬಸವ. ಅವನು ಪೈಲಟ್. ಮಂದಿ ತಿಕೀಟು ತೆಗೆದು ಕೂಡುವ ವಿಮಾನದ್ದಲ್ಲ. ಒಬ್ಬ ದೊಡ್ಡ ಸಾವ್ಕಾರ ತನಗೆಂದೇ ಇಟ್ಟುಕೊಂಡ ಎಂಟು ಕುರ್ಚಿಯ ಜೆಟ್ ವಿಮಾನದ್ದು. ಗೆಳತಿಯ ಲಗ್ನದಲ್ಲಿ ಅವನನ್ನು ಕಂಡ ನಂದಾ ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದಳು.

"ಇವನೂ ಎದ್ದು ಹೋದ್ರ ನಾ ಇನ್ನ ಯಾರ ಮುಂದೂ ತಾಟು ಹಿಡಕೊಂಡು ಬರಂಗಿಲ್ಲ, ನೋಡು ಆಯಿ. ಅವಂಗ ಒಂದೂ ಪ್ರಶ್ನೆ ಕೇಳಬ್ಯಾಡ. ನನ್ನ ಮ್ಯಾಲೆ ಆಣಿ."

"ಅವಂಗ ಕೇಳಂಗಿಲ್ಲ, ಬಿಡ ಯವ್ವಾ," ಎಂದಳು ರೇವವ್ವ. ಆಣೆ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಆಗಲೇ ಅಳೆದಿಟ್ಟುಕೊಂಡಿದ್ದಳು.

ಐತವಾರ ಸಂಗನಬಸವ ತಂದೆಯ ಜೊತೆ ಬಂದ. ತೆಳ್ಳಗೆ, ಮಾತು ಕಡಿಮೆ, ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತ. ರೇವವ್ವನಿಗೆ ಅಲ್ಲಿಯ ತನಕ ಹಿಡಿಸಿತು. ತಂದೆ ಗುಡದಪ್ಪ ಮಾತ್ರ ಚೀಲದ ಬಾಯಿ ಬಿಚ್ಚಿದಂತೆ ಶುರು ಮಾಡಿದ.

"ತಿಂಗಳಿಗಿ ನಾಲ್ಕು ಲಕ್ಷ ಪಗಾರ ನಮ್ಮ ಹುಡುಗಂದು. ನಾಲ್ಕು! ನಿಮ್ಮ ತಾಲೂಕಿನ್ಯಾಗ ಯಾರಿಗರೆ ಐತೇನು ತೋರಸ್ರಿ."

ಮಾಂತೇಶ ಕಣ್ಣು ಅಗಲ ಮಾಡಿದ. ರೇವವ್ವ ಗೋಡೆಯ ಕಡೆ ತಿರುಗಿ ಹೊಳೆಪ್ಪನ ಫೋಟೋ ನೋಡಿದಳು.

"ಕೇಳಿದ್ರೇನು? ನಾಲ್ಕು ಲಕ್ಷಂತ. ಹೆಚ್ಚಿನ ತಾಸು ದುಡದ್ರ ಏನು ಕೊಡತಾರೋ ಏನೋ, ನಿಮಗೇನರೆ ಗೊತ್ತೈತೇನು?"

ಅಡುಗೆಮನೆಯ ಬಾಗಿಲಲ್ಲಿ ನಂದಾ ಹಲ್ಲು ಕಚ್ಚಿದಳು. ಸಂಗನಬಸವ ಒಮ್ಮೆ ಫೋಟೋ ನೋಡಿದ, ಒಮ್ಮೆ ರೇವವ್ವನನ್ನು ನೋಡಿದ. ಮೀಸೆಯಲ್ಲೇ ನಕ್ಕ. ಆಮೇಲೆ ಫೋಟೋದ ಕಡೆಗೇ ತಿರುಗಿ ಹೇಳಿದ:

"ನಾಲ್ವತ್ತು ತಾಸಿನ ಹಾರಾಟ ಪಗಾರದಾಗ ಬರತೈತ್ರಿ ಯಜಮಾನ್ರ. ಅದರ ಮ್ಯಾಲೆ ಹಾರಿದ್ರ ತಾಸಿಗಿ ಇಷ್ಟು ಅಂತ ಬ್ಯಾರೆ ಕೊಡಬೇಕು."

"ನಾಲ್ವತ್ತು ದಾಟತೈತೋ ಇಲ್ಲೋ," ರೇವವ್ವ ಫೋಟೋಕ್ಕೆ ಕೇಳಿದಳು.

"ದಾಟಂಗಿಲ್ರಿ. ಮೂವತ್ತೆಂಟು ಆತಂದ್ರ ಸಾವ್ಕಾರು ಕಾರಿನ್ಯಾಗ ಹೋಗತಾರ."

ಮಾಂತೇಶನಿಗೆ ನಗು ತಡೆಯಲಿಲ್ಲ. ಗುಡದಪ್ಪ ಮಗನ ತೊಡೆ ಚಿವುಟಿದ. ಹುಡುಗನಿಗೆ ಚಿವುಟಿದ್ದು ತಾಗಲಿಲ್ಲವೋ, ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತಿಗೆ ಕೇಳುವವರು ಸಿಕ್ಕರೋ, ಮುಂದುವರಿಸಿದ. ಗೋವಾದಲ್ಲಿ ಇಳಿಸಿ ಎರಡು ದಿನ ಕಾಯಬೇಕು, ಕಾಯುವುದು ಹಾರಾಟವಲ್ಲ, ಲೆಕ್ಕಕ್ಕಿಲ್ಲ. ರಜೆಯ ದಿನ ಕರೆದರೆ ಹೋಗಬೇಕು, ಅದಕ್ಕೂ ಏನಿಲ್ಲ.

"ಕೇಳಿದ್ರಿಲ್ಲೋ?" ರೇವವ್ವನ ದನಿ ಸಣ್ಣಗಾಯಿತು. "ವಿಮಾನ ನಿಂತಾಗ ಇವಂದೇನು ಕೆಲಸ ಅಂತ. ಇರ್ಲಿ. ಮುದುಕ ಆದಮ್ಯಾಲೆ ಹೆಂಗಂತ?"

"ನಾ ನೌಕರಲ್ರಿ, ಕಾಂಟ್ರ್ಯಾಕ್ಟ್. ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ, ಪಿಂಚಣಿ ಅಂತೂ ಇಲ್ಲ. ವರ್ಷಾ ವರ್ಷಾ ಕಣ್ಣು, ಕಿವಿ, ಎದಿ ತಪಾಸ ಮಾಡತಾರ. ಫೇಲ್ ಆದ್ರ ಅವತ್ತಿಂದ ಹಾರಂಗಿಲ್ಲ. ಪಗಾರೂ ಅವತ್ತಿಗೇ ಬಂದ್."

"ದನದ ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗಾತಲ್ರಿ ಇದು," ಎಂದು ರೇವವ್ವ ಹೊಳೆಪ್ಪನಿಗೆ ಹೇಳಿ, ಎದ್ದು ಊಟಕ್ಕೆ ಬಡಿಸಲು ಹೋದಳು. ಹೋಗುವಾಗ ನಂದಾ ಅವಳ ಸೆರಗು ಹಿಡಿದು ಜಗ್ಗಿದಳು.

"ಆಣಿ ಇಟ್ಟಿದ್ದೆ!"

"ಅವಂಗೆಲ್ಲಿ ಕೇಳಿದೆ? ನನ್ನ ಗಂಡಗ ಕೇಳಿದೆ. ನಿನ್ನ ಗಂಡಗ ನೀ ಕೇಳಕೋ."

ಹೋಳಿಗೆ, ತುಪ್ಪ, ಕಟ್ಟಿನ ಸಾರು. ಗುಡದಪ್ಪ ಆರು ಹೋಳಿಗೆ ಮುಗಿಸಿ, ಏಳನೆಯದಕ್ಕೆ ಬೇಡವೆನ್ನುತ್ತ ತಾಟು ಮುಂದೆ ಸರಿಸಿದ. ಊಟ ಆದ ಮೇಲೆ ಎಲೆ ಅಡಿಕೆ ಬದಲಾಯಿಸಿದರೆ ಸಂಬಂಧ ಕೂಡಿದಂತೆ. ಮಾಂತೇಶ ತಟ್ಟೆ ತರಲು ಎದ್ದ. ಅಷ್ಟರಲ್ಲಿ ಸಂಗನಬಸವನ ಫೋನು ರಿಂಗಣಿಸಿತು. ಅವನು ಅಂಗಳಕ್ಕೆ ಹೋಗಿ ಮಾತಾಡಿ, ಇಳಿದ ಮುಖ ಹೊತ್ತು ಬಂದ.

"ಸಾವ್ಕಾರ ಸಂಜಿ ಮುಂಬೈಗೆ ಹೋಗಬೇಕಂತ. ಈಗ ಹೊಂಡಬೇಕ್ರಿ."

"ಇವತ್ತು ನಿಮಗ ರಜಾ ಅಲ್ಲೇನ್ರಿ?" ಕೇಳಿದವಳು ನಂದಾ.

"ರಜಾ. ಆದ್ರ..." ಎಂದು ಹುಡುಗ ಬೂಟಿನ ಕಡೆ ನೋಡಿದ.

"ಎಲಿ ಅಡಿಕಿ?" ಎಂದ ಮಾಂತೇಶ. ಅವನಿಗೆ ಸಿಟ್ಟು ಬಂದಿತ್ತು. "ಮಾತು ಮುಗಸದ ಎದ್ದು ಹೋದ್ರ ಹೆಂಗ್ರಿ? ಊರಾಗಿನ ಮಂದಿ ಏನಂತಾರ? ಮೂರನೇದವನೂ ಎದ್ದು ಹೋದ ಅಂತಾರ."

ಗುಡದಪ್ಪ ಮಗನಿಗೆ ಗದರಿದ. "ಧಣಿ ಕರದಾರಂದ್ರ ಎದ್ದು ನಡಿ. ಎಲಿ ಅಡಿಕಿ ಇನ್ನೊಂದು ಐತವಾರ ನೋಡೂಣು."

ಇನ್ನೊಂದು ಐತವಾರ ಎಂದರೆ ಏನೆಂದು ರೇವವ್ವನಿಗೆ ಗೊತ್ತು. ಮಾಂತೇಶನನ್ನು ಹಡೆದಾಗ ಹೊಳೆಪ್ಪ ತೊಟ್ಟಿಲಿಗೆ ಹಾಕಲು ಬರುತ್ತೇನೆಂದು ಹೇಳಿದ್ದೂ ಇನ್ನೊಂದು ಐತವಾರವೇ. ಮಗುವನ್ನು ತಂದೆ ನೋಡುವ ಹೊತ್ತಿಗೆ ಅದಕ್ಕೆ ಹಲ್ಲು ಬಂದಿತ್ತು.

ಅವಳು ಗೋಡೆಯ ಮಾಡದಿಂದ ಒಂದು ಕಂದು ಬಣ್ಣದ ಬಾಟಲಿ ತೆಗೆದಳು. ಹೊಟ್ಟೆ ಭಾರವಾದರೆ ಆ ಮನೆಯಲ್ಲಿ ಎಲ್ಲರೂ ಕುಡಿಯುವ ಅರಿಷ್ಟ, ಎರಡು ಮುಚ್ಚಳ. ಅದನ್ನೂ ಒಂದು ಲೋಟವನ್ನೂ ನಂದಾಳ ಕೈಗೆ ಕೊಟ್ಟು, ಫೋಟೋದ ಮುಂದೆ ನಿಂತಳು.

"ಏನ್ರಿ, ನಮ್ಮ ತಂಗಿ ಮಗ ಭೀಮೇಶನ ನೆನಪೈತಿಲ್ಲ ನಿಮಗ? ಬಸ್ ಡ್ರೈವರ್. ಇಲ್ಲೇ ಹೋಳಿಗಿ ಉಂಡು, ಇದನ್ನ ಎರಡು ಮುಚ್ಚಳ ಕುಡದು, ಡಿಪೋಕ್ಕ ಹೋಗಿ ಮಷೀನ್ ಊದಿದ. ಮಷೀನ್ ಬಡಕೊಂತು. ಅರಿಷ್ಟದಾಗ ತಾನಾಗೇ ಹುಟ್ಟಿದ್ದು ಏನೋ ಇರತೈತಂತ. ಅವತ್ತು ಸ್ಟೇರಿಂಗ್ ಮುಟ್ಟಬ್ಯಾಡಂತ ಹೊಳ್ಳಿ ಕಳಿಸಿದ್ರು. ಮನಿಗೆ ಬಂದು ಮತ್ತೆರಡು ಹೋಳಿಗಿ ತಿಂದ. ನಾ ಯಾರಿಗೂ ಕುಡಿ ಅನ್ನಂಗಿಲ್ಲ. ಸುಮ್ನ ನೆನಪಾತು, ಹೇಳಿದೆ."

ಸಂಗನಬಸವ ಬಾಟಲಿ ಈಸಿಕೊಂಡು ಸಣ್ಣ ಅಕ್ಷರ ಓದಿದ. "ಖರೇನ ಐತಿ, ಆಲ್ಕೋಹಾಲ್ ಅಂತ ಬರದಾರ," ಎಂದ. "ನಮಗೂ ಹಾರೂಕಿಂತ ಮೊದಲ ಊದಸ್ತಾರ. ಇಂಥಾದ್ದು ತಗೊಂಡ್ರ ಹನ್ನೆರಡು ತಾಸು ವಿಮಾನ ಮುಟ್ಟಂಗಿಲ್ಲ."

"ಇಡಲೇ ಅದನ್ನ ಕೆಳಗ!" ಎಂದ ಗುಡದಪ್ಪ.

ನಂದಾ ಲೋಟಕ್ಕೆ ಎರಡು ಮುಚ್ಚಳ ಸುರಿದಳು. ಒಂದು ಹನಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದನ್ನು ಅವನ ಮುಂದೆ ಹಿಡಿದು, "ಬ್ಯಾಡಾದ್ರ ಬಿಡ್ರಿ," ಎಂದಳು. "ಹೋಗೋದಿದ್ರ ನಾನ ಬಾಗಲಾ ತಗಿತೀನಿ."

ಹುಡುಗ ಬೂಟು ನೋಡಿದ, ನಂದಾಳನ್ನು ನೋಡಿದ. ಲೋಟ ತಗೊಂಡು ಗಟಗಟ ಕುಡಿದ. ಕಹಿಗೆ ಮುಖ ಕಿವುಚಿತು. ಕಿವುಚಿದ ಮುಖದಲ್ಲೇ ಫೋನು ಹಚ್ಚಿದ.

"ಸಾಹೇಬ್ರ, ಊಟಾಗಿ ಔಷಧಾ ತಗೊಂಡೇನ್ರಿ. ಅರಿಷ್ಟ. ಇವತ್ತು ಹಾರಾಕ ಬರಂಗಿಲ್ಲ. ಹೌದ್ರಿ, ಗೊತ್ತಿದ್ದ ತಗೊಂಡೆ. ರಜಾ ಇತ್ತಲ್ರಿ." ಆಚೆಯ ಕೂಗಾಟ ಪಡಸಾಲೆಗೆಲ್ಲ ಕೇಳಿಸಿತು. "ಕನ್ಯಾ ನೋಡಾಕ ಬಂದ ಮನ್ಯಾಗ್ರಿ. ಅವರ ಆಯಿ ಕೊಟ್ರು... ಆತ್ರಿ, ಕೊಡತೀನಿ." ಅವನು ಫೋನನ್ನು ರೇವವ್ವನ ಕಡೆ ಚಾಚಿದ. "ನಿಮಗ ಕೊಡಂತಾರ್ರಿ."

ರೇವವ್ವ ಸೆರಗು ಸರಿ ಮಾಡಿಕೊಂಡಳು. ಆಣೆ ಇದ್ದದ್ದು ವರನಿಗೆ ಕೇಳಬಾರದೆಂದು. ಸಾವ್ಕಾರನ ಮಾತು ಆಣೆಯಲ್ಲಿ ಇರಲಿಲ್ಲ.

"ಯಾರದು? ನಮ್ಮ ಪೈಲಟ್‌ಗ ಏನು ಕುಡಿಸಿದೆ ಮುದುಕಿ?"

"ಪಚನ ಆಗೂದನ್ನ ಕುಡಿಸೇನ್ರಿ ಸಾವ್ಕಾರ್ರ. ನಿಮ್ಮದು ಊಟಾತೇನ್ರಿ? ಆತಂದ್ರ ಛಲೋ ಆತು. ನಾಕ ಮಾತು ಕೇಳತೀನಿ. ರಜಾದ ದಿನ ಕರದ್ರ ಹುಡುಗಗ ಏನು ಕೊಡತೀರಿ? ಪರಊರಾಗ ಕಾಯಿಸಿದ್ದಕ್ಕ ಏನು ಕೊಡತೀರಿ? ನಾಳೆ ಕಣ್ಣು ಮಂಜಾದ್ರ ಏನು ಕೊಡತೀರಿ? ಶಾಲು ಅಂತ ಮಾತ್ರ ಅನಬ್ಯಾಡ್ರಿ, ನಮ್ಮ ಮನ್ಯಾಗ ಒಂದೈತಿ."

"ನಿನಗೆಷ್ಟು ರೊಕ್ಕ ಬೇಕು ಹೇಳು, ಅವನ್ನ ಕಳಿಸು!"

"ರೊಕ್ಕ ಬ್ಯಾಡ್ರಿ, ಉತ್ತರಾ ಬೇಕು. ಮತ್ತ ರೊಕ್ಕಾ ಕೊಟ್ರ ಅರಿಷ್ಟ ಹೊಟ್ಟಿಯಿಂದ ಹೊರಗ ಬರಂಗಿಲ್ರಿ."

ಫೋನು ಕಟ್ಟಾಯಿತು.

ಗುಡದಪ್ಪ ಹಣೆ ಬಡಿದುಕೊಂಡ. "ನೌಕರಿ ಹೋತಲ್ರಿ ಅವ್ವಾರ! ನಾಲ್ಕು ಲಕ್ಷ, ಎರಡು ಮುಚ್ಚಳದಾಗ ಮುಳುಗಿ ಹೋತು!" ಮಾಂತೇಶ ತಂದ ತಟ್ಟೆಯನ್ನು ಹಿಂದೆ ಸರಿಸಿ ನಿಂತ. ನೌಕರಿ ಇಲ್ಲದ ವರನಿಗೆ ಎಲೆ ಅಡಿಕೆ ಕೊಡುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ. ಎಲ್ಲರೂ ರೇವವ್ವನನ್ನು ನೋಡಿದರು. ಪಿಂಚಣಿ, ಹೆಚ್ಚಿನ ತಾಸು ಎಂದು ಕೇಳಿ ಇಬ್ಬರನ್ನು ಓಡಿಸಿದವಳು, ಪಗಾರವೇ ಇಲ್ಲದವನನ್ನು ಬಿಡುತ್ತಾಳೆಯೇ?

ರೇವವ್ವ ಮಗನ ಹಿಂದೆ ಕೈ ಹಾಕಿ ತಟ್ಟೆ ಎಳೆದುಕೊಂಡಳು.

"ಯಾಕ ಮುಚ್ಚಿಡತೀಯೋ? ಇಡು ಇಲ್ಲೆ. ಈ ಹುಡುಗಗ ಧಣಿ ಮುಂದ ಆಗಂಗಿಲ್ಲ ಅನ್ನಾಕ ಬರತೈತಿ. ಅವರಿಗಿ ಮೂವತ್ತನಾಲ್ಕು ವರ್ಷದಾಗ ಒಂದು ದಿನಾನೂ ಬರಲಿಲ್ಲ." ಇದನ್ನು ಮಾತ್ರ ಅವಳು ಫೋಟೋದ ಕಡೆ ತಿರುಗದೆ ಹೇಳಿದಳು.

ಎಲೆ ಅಡಿಕೆ ಆಯಿತು. ಗುಡದಪ್ಪ ತನ್ನ ಪಾಲಿನ ಅಡಿಕೆಯನ್ನು ಔಷಧದ ಗುಳಿಗೆಯಂತೆ ಬಾಯಿಗೆ ಹಾಕಿಕೊಂಡ.

ಸಾವ್ಕಾರ ಆ ಸಂಜೆ ಮುಂಬೈಗೆ ಕಾರಿನಲ್ಲಿ ಹೋದ. ದಾರಿಯುದ್ದಕ್ಕೂ ಬೇರೆ ಪೈಲಟ್ ಹುಡುಕಲು ಫೋನು ಮಾಡಿಸಿದನಂತೆ. ಆ ನಮೂನೆಯ ವಿಮಾನಕ್ಕೆ ಬೇರೆಯೇ ಪರೀಕ್ಷೆ ಕಟ್ಟಿ ಪಾಸಾದವರು ಬೇಕು, ಅವರು ಸಂತೆಯಲ್ಲಿ ಸಿಗುವುದಿಲ್ಲ. ಸಿಕ್ಕ ಒಬ್ಬ ದುಪ್ಪಟ್ಟು ಪಗಾರ ಕೇಳಿ, ಇರಲಿಕ್ಕೆ ದೊಡ್ಡ ಹೋಟೆಲ್ಲು ಕೇಳಿ, ಕಾಯುವ ತಾಸಿಗೂ ರೊಕ್ಕ ಕೇಳಿದ. ವಾರ ತುಂಬುವುದರೊಳಗೆ ಸಂಗನಬಸವನಿಗೆ ಕರೆ ಬಂತು. ಈ ಸಲ ಹುಡುಗ ಹೋಗುವಾಗ ರೇವವ್ವ ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಹೋದ. ರಜೆಯ ದಿನ ಕರೆದರೆ ಬೇರೆ ರೊಕ್ಕ, ಒಪ್ಪಿದರು. ಪರಊರಲ್ಲಿ ಕಾಯುವುದಕ್ಕೆ ಅರ್ಧ ಲೆಕ್ಕ, ಗೊಣಗಿ ಒಪ್ಪಿದರು. ತಪಾಸದಲ್ಲಿ ಫೇಲಾದರೆ ಕೈ ಹಿಡಿಯುವ ವಿಮೆ, ಕಂಪನಿಯೇ ಕಟ್ಟುವುದು, ಅದಕ್ಕೂ ಹೂಂ ಎಂದರು. ಪಿ.ಎಫ್. ಮಾತು ಬಂದಾಗ ಮಾತ್ರ, "ಮುಂದ ನೋಡೂಣು" ಎಂದು ಬಿಟ್ಟರು.

"ನೋಡೂಣು ಅಂದಾರಂದ್ರ ನೋಡಿಸೂಣು," ಎಂದಳು ರೇವವ್ವ.

ನಿಶ್ಚಯದ ದಿನ ಬಮ್ಮಿಗಟ್ಟಿಗೆ ಸಾವ್ಕಾರ ತಾನೇ ಬಂದ. ದೊಡ್ಡ ಹೊಟ್ಟೆಯ, ನಗುಮುಖದ ಮನುಷ್ಯ. ಬಂದವನು ನೇರ ಸಂಗನಬಸವನ ಹತ್ತಿರ ಹೋಗಿ, ಚೀಲದಿಂದ ಒಂದು ಜರತಾರಿ ಶಾಲು ತೆಗೆದು ಹೊದಿಸಿದ. ನಂದಾ ಥಟ್ಟನೆ ಆಯಿಯ ಮುಖ ನೋಡಿದಳು. ರೇವವ್ವ ಶಾಲಿನ ಅಂಚು ಮುಟ್ಟಿ, ಎಳೆ ನೋಡಿ, "ಛಲೋ ಐತ್ರಿ. ಅಕ್ಕಿ ಡಬ್ಬಿಗೊಂದು ಬೇಕಾಗಿತ್ತು," ಎಂದಳು. ಸಾವ್ಕಾರನಿಗೆ ಅದು ತಿಳಿಯಲಿಲ್ಲ, ಆದರೂ ನಕ್ಕ.

ಊಟಕ್ಕೆ ಕೂತವನು ಗುಡದಪ್ಪನ ಬಾಜೂ ಕೂತ. ಇಬ್ಬರೂ ಒಬ್ಬರಿಗೊಬ್ಬರು ಸೋಲದಂತೆ ಹೋಳಿಗೆ ತಿಂದರು. ಕಡೆಗೆ ಸಾವ್ಕಾರ ಬೆಲ್ಟು ಸಡಿಲು ಮಾಡಿ, ಗೋಡೆಗೆ ಒರಗಿ, ಹೊಟ್ಟೆ ಸವರಿಕೊಂಡ.

"ಅಜ್ಜಿ, ಊಟಾ ಅಗದಿ ಭಾರ ಆತು. ಅವತ್ತು ಇವಂಗ ಕೊಟ್ಟಿರಲ್ಲ, ಅದು ಐತೇನು? ಸಂಜಿಮುಂದ ವಿಮಾನದಾಗ ಹೋಗಬೇಕು, ತಗೊಂಡ್ರ ನಡೀತೈತಿಲ್ಲೋ?"

ಮೂಲೆಯಲ್ಲಿ ಸಂಗನಬಸವ ಬರಿಯ ಮಜ್ಜಿಗೆ ಕುಡಿಯುತ್ತ ಕೂತಿದ್ದ. ಸಂಜೆ ವಿಮಾನ ನಡೆಸುವವನು ಅವನೇ. ರಜೆಯ ದಿನವೇ, ಆದರೆ ಈಗ ಅದಕ್ಕೆ ಬೇರೆ ರೊಕ್ಕ ಇತ್ತು.

ರೇವವ್ವ ಮಾಡದಿಂದ ಬಾಟಲಿ ಇಳಿಸಿ, ಎರಡು ಮುಚ್ಚಳ ಅಳೆದು ಸಾವ್ಕಾರನ ಕೈಗೆ ಕೊಟ್ಟಳು.

"ನಿಮಗೇನಾಗತೈತ್ರಿ, ಕುಡೀರಿ. ನೀವು ಹಿಂದ ಕೂಡೋರು."