ಜೋಳದ ಡಬ್ಬಿಯೊಳಗಿನ ಚೀಟಿ

ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಮುದ್ದೇಬಿಹಾಳದಿಂದ ಬಾಗೇವಾಡಿ, ಸಿಂದಗಿ, ಇಂಡಿ ಎಂದು ಸುತ್ತುತ್ತ, ಹೋದ ಊರಿನಿಂದೆಲ್ಲ ಒಂದೊಂದು ಹುಚ್ಚು ಹತ್ತಿಸಿಕೊಂಡು ಬಂದರು. ಇಂಡಿಯಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ನಿಂಬೆಗಿಡಕ್ಕೆ ಕಸಿ ಕಟ್ಟುವುದನ್ನು ಕಲಿತರು. ಸಿಂದಗಿಯ ಗಡಿಯಾರ ರಿಪೇರಿಯವನ ಪಕ್ಕ ಕುಳಿತು ಕುಳಿತು ಗಡಿಯಾರ ಬಿಚ್ಚುವುದನ್ನು ಪೂರ್ತಿ, ಜೋಡಿಸುವುದನ್ನು ಅರ್ಧ ಕಲಿತರು. ಹಾರ್ಮೋನಿಯಂ ಯಾವ ಊರಿನದೋ ನನಗೆ ನೆನಪಿಲ್ಲ. ನಿವೃತ್ತರಾದ ಮೇಲೆ ಅದಕ್ಕೆಲ್ಲ ಚದುರಂಗವೂ ಸೇರಿತು.

ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಶಾಲೆಯಲ್ಲಿ ಕಲಿಸಿ ಬಂದು, ಇವರ ಸಾಮಾನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕಿತ್ತು. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ.

ಅಪ್ಪನ ಹುಚ್ಚುಗಳಲ್ಲಿ ಒಂದು ಮಾತ್ರ ಆಟವಾಗಿರಲಿಲ್ಲ. ಅವರ ತಾಯಿಯ ತವರು ಹಳೆಯ ಕೊಲ್ಹಾರ. ಅಣೆಕಟ್ಟಿನ ಹಿನ್ನೀರು ಬಂದು ಹೊಲ ಮುಳುಗುವ ಮೊದಲಿನ ಕೊನೆಯ ಸುಗ್ಗಿಯಲ್ಲಿ ಸೋದರಮಾವ ಕೊಟ್ಟಿದ್ದ ಬಿಳಿಜೋಳದ ಬೀಜವನ್ನು ಅಪ್ಪ ಕೆಡಲು ಬಿಟ್ಟಿರಲಿಲ್ಲ. ಪ್ರತಿ ಹಿಂಗಾರಿಗೆ ನಾಲತವಾಡದ ಗೆಳೆಯರೊಬ್ಬರ ಹೊಲದಲ್ಲಿ ನಾಲ್ಕು ಸಾಲು ಬಿತ್ತುವರು. ಬಂದದ್ದರಲ್ಲಿ ಎರಡು ಸೇರು ಆರಿಸಿ, ಬೂದಿ ಮತ್ತು ಬೇವಿನೆಲೆ ಬೆರೆಸಿ, ತಗಡಿನ ಡಬ್ಬಿಗೆ ತುಂಬಿ ಅಟ್ಟದ ಮೇಲಿಡುವರು. ಆ ಹೊಲದಿಂದ ಉಳಿದದ್ದು ಅಷ್ಟೇ.

ಆ ವರ್ಷ ನವರಾತ್ರಿಯ ಮುಂಚೆ ನಾನು ಮನೆ ತೊಳೆಯಲು ನಿಂತಿದ್ದೆ. ಅಪ್ಪ ಬಿತ್ತನೆಯ ಮಾತಾಡಲು ನಾಲತವಾಡಕ್ಕೆ ಹೋಗಿದ್ದರು. ಬೆಳಿಗ್ಗೆಯಷ್ಟೇ ತೊಗರಿಬೇಳೆಯಲ್ಲಿ ನನಗೆ ಗಡಿಯಾರದ ಚಕ್ರವೊಂದು ಸಿಕ್ಕಿತ್ತು, ತಲೆ ಕೆಟ್ಟಿತ್ತು. ಅಟ್ಟದಿಂದ ಇಳಿಸಿದ ಡಬ್ಬಿಯೊಂದನ್ನು ತೆರೆದರೆ ಬೂದಿ ಮೆತ್ತಿದ ಜೋಳ. ಮೇಲೆ ಒಂದು ಚೀಟಿ: “ಕೊಲ್ಹಾರ ಬೀಜ. ಮುಟ್ಟಬಾರದು.”

ನಾನು ಓದಿದೆ. ಇದನ್ನು ಇವತ್ತು ಮುಚ್ಚಿಡದೆ ಹೇಳಬೇಕು. ಓದಿ, ‘ಮುಟ್ಟಬಾರದಂತೆ!’ ಎಂದು ಚೀಟಿಯನ್ನು ಮುದುಡಿ ಕಸಕ್ಕೆ ಹಾಕಿದೆ. ಜೋಳ ತೊಳೆದೆ, ಮಾಳಿಗೆಯ ಮೇಲೆ ಒಣಗಿಸಿದೆ, ಸಂಜೆ ಗಿರಣಿಗೆ ಒಯ್ದು ಹಿಟ್ಟು ಮಾಡಿಸಿಕೊಂಡು ಬಂದೆ. ಹಿಟ್ಟು ಕೈಗೆ ಬೆಚ್ಚಗೆ ಹತ್ತಿದಾಗಲೇ ಮಾಡಿದ್ದು ತಪ್ಪೆಂದು ಹೊಳೆಯಿತು.

ಅಪ್ಪ ಬಂದವರೇ ಅಟ್ಟ ನೋಡಿದರು.

“ಯವ್ವಾ, ಇಲ್ಲೊಂದು ಡಬ್ಬಿ ಇತ್ತಲ್ಲ?”

“ಗಿರಣಿಗೆ ಒಯ್ದಿದ್ನಿರಿ. ಹಳೇ ಜೋಳ ಅಂತ ತಿಳ್ದೆ.”

“ಒಳಗ ಚೀಟಿ ಇತ್ತಲ್ಲವಾ?”

“ಚೀಟಿ ಗೀಟಿ ಏನೂ ಇರಲಿಲ್ರಿ. ನೀವ ಹಾಕೂದು ಮರ್ತಿರಬೇಕು.”

ಬೈಸಿಕೊಳ್ಳಲು ಸಿದ್ಧವಾಗಿ ನಿಂತಿದ್ದೆ. ಅಪ್ಪ ಬೈಯಲಿಲ್ಲ. “ಹಾಕಿದ್ನಲ್ಲ... ಹಂಗಾರ ಮರ್ತೇನೇನ ನಾ?” ಎಂದರು. ಊಟಕ್ಕೆ ಕುಳಿತು, ರೊಟ್ಟಿ ಮುರಿದು ಬಾಯಿಗಿಟ್ಟು, “ನಮ್ಮವ್ವನ ರೊಟ್ಟಿ ಹಂಗ ಐತಿ ನೋಡವಾ” ಎಂದರು. ನಾನು ಇನ್ನೊಂದು ರೊಟ್ಟಿ ಅವರ ತಾಟಿಗೆ ಹಾಕಿದೆ.

ಬೀಜ ಹೋದ ದುಃಖವನ್ನು ಅಪ್ಪ ನುಂಗಿಕೊಂಡರು. ಮರೆತೆನೆಂಬ ಹೆದರಿಕೆಯನ್ನು ನುಂಗಲು ಅವರಿಂದಾಗಲಿಲ್ಲ. ಮರುದಿನದಿಂದ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಎಲ್ಲದಕ್ಕೂ ಚೀಟಿ ಅಂಟಿಸತೊಡಗಿದರು. ಉಪ್ಪಿನ ಡಬ್ಬಿಗೆ, ಗುಳಿಗೆಗೆ, ಹಾರ್ಮೋನಿಯಂಗೆ. ಮಂದಿಯ ಗಡಿಯಾರ ಮುಟ್ಟುವುದನ್ನು ಬಿಟ್ಟರು. ಚದುರಂಗಕ್ಕೆ ಬಂದ ಗೆಳೆಯನಿಗೆ, “ಬ್ಯಾಡೋ ಮಾರಾಯಾ, ಆಟದ ನಡುವ ಮರ್ತರ ನಿನಗೂ ಬ್ಯಾಸರ” ಎಂದು ಚಹಾ ಕುಡಿಸಿ ಕಳಿಸಿದರು. ಯಾವ ನಿಲ್ದಾಣದಲ್ಲಿ ಯಾರು ಹತ್ತಿದರು ಎಂದು ಬರೆದುಕೊಳ್ಳದೆ ನೆನಪಿಟ್ಟ ಮನುಷ್ಯ ಅವರು.

ಕೊನೆಗೆ ತಾವಾಗಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೆಂದರು. ಡಾಕ್ಟರು ಕೇಳಿದ್ದಕ್ಕೆಲ್ಲ ಅಪ್ಪ ಪಟಪಟನೆ ಉತ್ತರ ಕೊಟ್ಟರು. “ನೆನಪಿಗೇನೂ ಆಗಿಲ್ರಿ ಅಜ್ಜಾರ” ಎಂದು ಡಾಕ್ಟರು ನಕ್ಕರು. ಹೊರಗೆ ಬಂದ ಮೇಲೆ ಅಪ್ಪ, “ಅವರಿಗೇನ ಗೊತ್ತವಾ? ಬೀಜದ ಡಬ್ಬಿಗೆ ಚೀಟಿ ಹಾಕೂದು ಮರ್ತಾವ ನಾ” ಎಂದರು. ನಾನು ಪಕ್ಕದಲ್ಲೇ ಇದ್ದೆ. ಆಟೋ ಕರೆದೆ.

ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದು ಮುಂದೂಡುತ್ತ ಹೋದೆ. ಹೇಳಿದರೆ ಬೀಜ ತಿರುಗಿ ಬರುತ್ತದೆಯೇ ಎಂದು ನನ್ನೊಳಗೇ ವಾದಿಸಿದೆ. ಬೀಜ ಬರುತ್ತಿರಲಿಲ್ಲ, ನಿಜ. ಅಪ್ಪನಿಗೆ ಅವರ ಹಾರ್ಮೋನಿಯಂ, ಗಡಿಯಾರ, ಗೆಳೆಯ ಎಲ್ಲ ತಿರುಗಿ ಸಿಗುತ್ತಿದ್ದವು. ಅದು ನನಗೆ ಗೊತ್ತಿತ್ತು. ಆದರೂ ಶಾಲೆಯಿಂದ ಬಂದ ನನ್ನನ್ನು ಅಪ್ಪ ದಿನಾ ಸಂಜೆ, “ಇವತ್ತ ಏನರ ಮರ್ತೇನೇನವಾ ನಾ?” ಎಂದು ಕೇಳಿದಾಗ, “ಇಲ್ರೀ ಅಪ್ಪಾ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅಪ್ಪ ಹೋದರು, ಎದೆನೋವಿನಿಂದ. ಕೊನೆಯ ದಿನದವರೆಗೂ ಒಂದು ಹೆಸರೂ ತಪ್ಪಿರಲಿಲ್ಲ.

ನವರಾತ್ರಿಗೆ ಮತ್ತೆ ಅಟ್ಟ ತೊಳೆಯಲು ಹತ್ತಿದೆ. ಅದೇ ತಗಡಿನ ಡಬ್ಬಿ ಇದ್ದ ಜಾಗದಲ್ಲೇ ಇತ್ತು. ತೆರೆದೆ. ಜೋಳವಿರಲಿಲ್ಲ, ಚೀಟಿ ಇತ್ತು. ಎಲ್ಲಿ ಮರೆತೇನೋ ಎಂದು ಅಪ್ಪ ತಮಗೆ ತಾವೇ ಬರೆದಿಟ್ಟುಕೊಂಡದ್ದು:

“ಬೀಜ ಹೋಗಿದೆ. ಚೀಟಿ ಹಾಕಲು ನಾನೇ ಮರೆತದ್ದು. ಮಗಳನ್ನು ಮತ್ತೆ ಕೇಳಬಾರದು, ನೊಂದುಕೊಳ್ಳುತ್ತಾಳೆ.”