ಬಾಡು ಅವರಿಗೆ, ಕಾಳು ನಮಗೆ

ನಮ್ಮ ಮಾವನ ಕೈಯ ಬಾಡೆಸರು ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಸಂತೆಮರಹಳ್ಳಿಯ ಸಂತೆಯಲ್ಲಿ ಯಾರು ಎದುರಾದರೂ ಮಳೆ ಬೆಳೆ ವಿಚಾರಿಸುವ ಮೊದಲು, "ಈ ವಾರ ಅವರೆಕಾಳು ಹಾಕಿ ಬಾಡೆಸರು ಮಾಡಿದ್ರಾ?" ಎಂದು ಕೇಳುತ್ತಿದ್ದರು. ಮಾವ ಮೀಸೆಯೊಳಗೇ ನಗುತ್ತಿದ್ದರು. ಆ ಸಾರಿನಲ್ಲಿ ಮಾವನ ಕೈ ಎಷ್ಟಿತ್ತು ಎಂಬುದನ್ನು ನಾನು ಈಗ ಹೇಳಿಬಿಡುತ್ತೇನೆ. ಅವರು ಹೋಗಿ ಬಹಳ ಕಾಲವಾಯಿತು, ನನ್ನನ್ನು ಗದರಿಸುವವರು ಯಾರೂ ಉಳಿದಿಲ್ಲ.

ಹಿಂದಿನ ದಿನವೇ ಅತ್ತೆಯೂ ನಾನೂ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯಬೇಕು. ಕಾಳನ್ನು ನೀರಿಗೆ ಹಾಕಿ, ಬೆಳಗಾಗುತ್ತಲೇ ಒಂದೊಂದನ್ನೂ ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆಯಬೇಕು. ಮೊರದ ತುಂಬ ಬೇಳೆ ಆಗುವಷ್ಟರಲ್ಲಿ ಹೆಬ್ಬೆರಳು ಮರಗಟ್ಟಿ, ಕೈಗೆ ಹತ್ತಿದ ಅವರೆಯ ಸೊಗಡು ನಾಳಿದ್ದಿನವರೆಗೂ ಹೋಗುತ್ತಿರಲಿಲ್ಲ. ಆಮೇಲೆ ಈರುಳ್ಳಿಯನ್ನು ಕೆಂಡದಲ್ಲಿ ಸುಡಬೇಕು. ಒಣಮೆಣಸಿನಕಾಯಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ಕಾಯಿ ಎಲ್ಲ ಒರಳಿಗೆ ಹಾಕಿ ಬೆಣ್ಣೆಯಾಗುವ ತನಕ ಅರೆಯಬೇಕು. ಬಾಡು ತೊಳೆದು, ಅರಿಸಿನ ಹಚ್ಚಿ, ಎಣ್ಣೆಯಲ್ಲಿ ಹುರಿದು, ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಒಲೆ ಊದಬೇಕು. ಇಷ್ಟೆಲ್ಲ ಮುಗಿದು ಎಸರು ಕುದಿಯುವ ಹೊತ್ತಿಗೆ ಮಾವ ಹೆಗಲ ಟವಲು ಸರಿಮಾಡಿಕೊಂಡು ಅಡುಗೆಮನೆಗೆ ದಯಮಾಡಿಸುತ್ತಿದ್ದರು.

ಬಂದವರು ಉಪ್ಪಿನ ಮಡಕೆಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದು ಎಸರಿಗೆ ಬಿಡುವರು. ಸೌಟಿನಲ್ಲಿ ಒಂದು ದೊಡ್ಡ ತುಂಡು ಎತ್ತಿ, ಊದಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಹ್ಞೂಂ" ಎನ್ನುವರು. ಅಷ್ಟೇ ಅವರ ಅಡುಗೆ. ಬಾಡೆಸರಿಗೆ ಯಜಮಾನನೇ ಉಪ್ಪು ಹಾಕಬೇಕು, ಅವನು ಹಾಕುವ ಮೊದಲು ಯಾರೂ ರುಚಿ ನೋಡಕೂಡದು ಎಂಬುದು ಆ ಮನೆಯ ಪದ್ಧತಿ. ಅವರ ಅಪ್ಪನ ಕಾಲದಿಂದ ಬಂದದ್ದಂತೆ. ಹೆತ್ತವಳನ್ನು ಬಿಟ್ಟು ಹೆಸರಿಟ್ಟವನನ್ನು ಹೊಗಳಿದ ಹಾಗೆ, ಉಪ್ಪು ಬಿದ್ದ ಗಳಿಗೆಯಿಂದ ಅದು ಮಾವನ ಕೈಯ ಸಾರು ಆಗುತ್ತಿತ್ತು.

ನಾನು ಹಂಗಳದ ಹುಡುಗಿ. ನನ್ನಪ್ಪನಿಗೆ ಬಂಡೀಪುರದ ಕಾಡಿನಲ್ಲಿ ವಾಚರ್ ಕೆಲಸ. ನಮ್ಮವ್ವ ಒಲೆಯ ಮುಂದೆ ಕೂತು ಬಾಡು ಬೇಯಿಸುವಾಗಲೇ ಒಂದು ತುಂಡು ತನ್ನ ಬಾಯಿಗೆ, ಒಂದು ತುಂಡು ನನ್ನ ಬಾಯಿಗೆ ಹಾಕುತ್ತಿದ್ದಳು. "ಬೇಯ್ಸಿದೋಳು ತಿಂದು ನೋಡ್ದೆ ಬೆಂದದೋ ಇಲ್ವೋ ಅಂತ ಯಂಗೆ ಗೊತ್ತಾದದು?" ಎನ್ನುವುದು ಅವಳ ಶಾಸ್ತ್ರ. ಆ ಶಾಸ್ತ್ರ ನಂಬಿಕೊಂಡು ಬೆಳೆದ ನನ್ನನ್ನು ಐವತ್ತರ ದಶಕದ ನಡುವಿನಲ್ಲಿ ಸಂತೆಮರಹಳ್ಳಿಯ ಪಕ್ಕದ ಈ ಮನೆಗೆ ಕೊಟ್ಟರು. ಗಂಡ ಚಾಮರಾಜನಗರದ ಶಾಲೆಯೊಂದರಲ್ಲಿ ಮೇಷ್ಟ್ರು. ವಾರವೆಲ್ಲ ಅಲ್ಲೇ ಒಂದು ಕೋಣೆಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದರು.

ಊರಲ್ಲಿ ಕೆಲವು ಮನೆಯವರು ಸೇರಿ ಭಾನುವಾರ ಒಂದು ಮರಿ ಕಡಿದು ಪಾಲು ಹಾಕಿಕೊಳ್ಳುತ್ತಿದ್ದರು. ಮುತ್ತುಗದೆಲೆಯ ಮೇಲೆ ಮನೆಗೊಂದು ಗುಡ್ಡೆ. ನಮ್ಮ ಪಾಲಿನ ಗುಡ್ಡೆ ಸಣ್ಣದಲ್ಲ. ಆದರೆ ಉಣ್ಣುವುದು ಮೊದಲು ಗಂಡಸರು. ಮಾವ, ಅವರ ಮಗ, ಅವತ್ತಿಗೇ ಸರಿಯಾಗಿ ಏನೋ ಕೆಲಸ ನೆನಪಾಗಿ ಬಂದ ನೆಂಟರು. ಪಡಸಾಲೆಯಲ್ಲಿ ರಾಗಿಹಿಟ್ಟಿನ ಮುದ್ದೆ ಮುರಿದು ನುಂಗುವ ಸದ್ದು, ಮೂಳೆ ತಟ್ಟೆಗೆ ಬಡಿದು ಹೀರುವ ಸದ್ದು ನಿಂತ ಮೇಲೆ ನಮ್ಮ ಸರದಿ. ಮದುವೆಯಾದ ಹೊಸತರಲ್ಲಿ ಮೊದಲ ಸಲ ಉಣ್ಣಲು ಕೂತಾಗ ನಾನು ಮಡಕೆಯಲ್ಲಿ ಸೌಟು ಆಡಿಸಿಯೇ ಆಡಿಸಿದೆ. ತಳದಿಂದ ಮೇಲಕ್ಕೆ ಬಂದದ್ದೆಲ್ಲ ಕಾಳು.

"ಏನ ಉಡುಕ್ತಾ ಇದ್ದೀಯಮ್ಮಿ?" ಎಂದರು ಅತ್ತೆ.

"ಬಾಡು, ಅತ್ತೆ."

"ಬಾಡಿನ ಸತ್ವ ಎಲ್ಲ ಕಾಳ್ಗೇ ಇಳ್ದಿರ್ತದ ಕಣಮ್ಮಿ. ಗಂಡಸ್ರು ತಿನ್ನದು ಬರೀ ಚರಟ. ನಾವೇ ಪುಣ್ಯವಂತ್ರು, ಉಣ್ಣು."

ಬರೀ ಚರಟಕ್ಕೆ ಗಂಡಸರು ಆ ಪಾಟಿ ಹೊಡೆದಾಡುವುದೇಕೆ ಎಂದು ಕೇಳಬೇಕೆನಿಸಿತು. ಹೊಸ ಸೊಸೆ, ಕಾಳು ಬಡಿಸಿಕೊಂಡೆ. ಅತ್ತೆ ಮಾತ್ರ ಕಾಳು ಕಲಸಿಕೊಂಡು ಒಂದೇ ಒಂದು ಸಣ್ಣ ಉಂಡೆ ಹಿಟ್ಟು ಉಂಡು, ತೃಪ್ತಿಯಾಗಿ ತೇಗಿ, ಎಲೆ ಅಡಿಕೆಗೆ ಕೈ ಹಾಕಿದರು. ಎಂಥ ಸಹನೆಯ ಹೆಂಗಸು ಎಂದುಕೊಂಡೆ. ದೇಶದಲ್ಲಿ ಆಗಲೇ ಹೆಂಗಸರು ವೋಟು ಹಾಕಿಯಾಗಿತ್ತು. ಅತ್ತೆಯೂ ಹಾಕಿಬಂದು ಶಾಯಿ ಹಚ್ಚಿದ ಬೆರಳನ್ನು ಊರಿಗೆಲ್ಲ ತೋರಿಸಿದ್ದರಂತೆ. ಬಾಡಿನ ವಿಷಯದಲ್ಲಿ ಮಾತ್ರ ಸ್ವಾತಂತ್ರ್ಯ ನಮ್ಮ ಹೊಸ್ತಿಲು ದಾಟಿರಲಿಲ್ಲ.

ಎರಡನೆಯ ವರ್ಷ ಅವರೆಯ ಸುಗ್ಗಿಗೆ ನಾನು ಬಸುರಿ. ಕೆಲವರಿಗೆ ಹುಣಸೆಹಣ್ಣು ಬೇಕೆನಿಸುತ್ತದೆ, ಕೆಲವರಿಗೆ ಮಣ್ಣು. ನನಗೆ ಬಾಡು. ಮೆತ್ತಗೆ ಬೆಂದ, ಕೊಬ್ಬು ಹತ್ತಿದ, ಖಾರ ಒಳಗೆಲ್ಲ ಹಿಡಿದ ಬಾಡು. ಮಲಗಿದರೆ ಅದೇ ಯೋಚನೆ, ಎದ್ದರೆ ಅದೇ. ನಾಚಿಕೆಯಾಗುತ್ತಿತ್ತು, ಆದರೂ ಬೇಕೇ ಬೇಕಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು ಊರೆಲ್ಲ ಹೇಳುತ್ತದೆ. ನಾನು ಅದನ್ನೇ ಅತ್ತೆಗೆ ಹೇಳಿದೆ. "ಇನ್ನೊಂದು ಸೌಟು ಕಾಳು ಆಕ್ಕೋ. ಕಿವಿ ಯಾಕೆ ಸೋರ್ತದೆ?" ಎಂದರು.

ಗಂಡನಿಗೆ ಹೇಳಿದೆ. ಅವರು ಶಾಲೆಯಲ್ಲಿ ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಪಾಠ ಹೇಳುವವರು. ನನ್ನ ಕಷ್ಟ ಅವರ ಮನಸ್ಸಿಗೆ ನಾಟಿತು. "ಅಪ್ಪನ ಮುಂದೆ ಏಳಕ್ಕಾದದಾ? ನನ್ ತಟ್ಟೇಲಿ ಒಂದು ತುಂಡು ಬುಟ್ಟಿರ್ತೀನಿ, ನೀನು ಅದೇ ತಟ್ಟೇಲಿ ಉಣ್ಣು" ಎಂದರು. ಭಾನುವಾರ ನಾನು ಅವರ ತಟ್ಟೆಯನ್ನು ಆಸೆಯಿಂದ ಒಳಗೆ ತಂದೆ. ಮಾತಿಗೆ ತಪ್ಪಿರಲಿಲ್ಲ, ತಟ್ಟೆಯ ಅಂಚಿನಲ್ಲಿ ಒಂದು ತುಂಡು ಇತ್ತು. ಮೂಳೆಯ ತುಂಡು. ಅದರಲ್ಲಿದ್ದ ಮಾಂಸವನ್ನು ಮರೆತು ತಿಂದುಬಿಟ್ಟಿದ್ದರು, ಒಳಗಿನ ನೆಣವನ್ನೂ ಮರೆತು ಹೀರಿಬಿಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನನಗೆ ದೇವರೂ ಪೂಜಾರಿಯೂ ಒಬ್ಬರೇ ಆಗಿದ್ದರು.

ಮುಂದಿನ ವಾರ ಗುಂಡ್ಲುಪೇಟೆಯಿಂದ ಬೀಗರು ಬಂದರು. ನನ್ನ ನಾದಿನಿಯ ಮಾವ. ಅಗಲವಾದ ಮನುಷ್ಯ, ಅಗಲವಾದ ನಗು. ಮಾವನಿಗೆ ಹಬ್ಬವೇ ಆಯಿತು. ಎಂದಿಗಿಂತ ದೊಡ್ಡ ಗುಡ್ಡೆ ತಂದರು. ಉಪ್ಪು ಹಾಕುವುದನ್ನು ಬೀಗರು ನೋಡಲಿ ಎಂದು ಅವರನ್ನೂ ಅಡುಗೆಮನೆಯ ಬಾಗಿಲವರೆಗೆ ಕರೆತಂದರು. ಉಣ್ಣಲು ಕೂತಾಗ ಬಡಿಸುವ ಕೆಲಸ ನನ್ನದು. ಮೊದಲ ಸುತ್ತು ಬಾಡು ಬಿತ್ತು. ಬೀಗರು ಬೆವರು ಒರೆಸಿಕೊಂಡು, "ಬೀಗರೇ, ಕಾಳ್ಗೆ ಏನ್ ರುಚಿ ಬಂದದೆ!" ಎಂದರು.

ಮಾವ ಗಂಟಲು ಸರಿಮಾಡಿಕೊಂಡರು. "ಅದೇ ಗುಟ್ಟು ಕಣ್ರೀ. ಸತ್ವ ಎಲ್ಲ ಕಾಳ್ಗೆ ಇಳಿಬೇಕು. ಬಾಡು ಬರೀ ಚರಟ. ನಮ್ಮನೇಲಿ ಆ ಸತ್ವ ಎಲ್ಲಾನೂ ಎಣ್ಮಕ್ಕಳ್ಗೇ ಬುಟ್ಬುಡ್ತೀವಿ. ಗಂಡಸ್ರು ಯಂಗೋ ನಡ್ಸ್ಕತೀವಿ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ನೆತ್ತಿಗೆ ಏರಿತು. ಕೈಯಲ್ಲಿ ಸೌಟು ಇತ್ತು.

"ಅಂಗಾದ್ರೆ ಮಾವ, ಬೀಗರು ಮನೆಗೆ ಬಂದಿರೋವಾಗ ಸತ್ವ ನಾವು ತಿಂದ್ರೆ ಪಾಪ ಬಂದದು" ಎಂದು ಬಾಗಿ, ಬೀಗರ ತಟ್ಟೆಗೆ ಕಾಳು ಸುರಿದೆ. ಬಾಡಿನ ತುಂಡುಗಳನ್ನು ಸೌಟಿನ ಬೆನ್ನಿನಿಂದ ಮಡಕೆಯ ಗೋಡೆಗೆ ಒತ್ತಿಹಿಡಿದು ಕಾಳನ್ನೇ ತೋಡಿದೆ. ಇನ್ನೊಂದು ಸೌಟು, ಮತ್ತೊಂದು. ಮಾವನಿಗೂ ಸುರಿದೆ. ಸಮಾನತೆಯ ಮೇಷ್ಟ್ರಿಗೆ ಎಲ್ಲರಿಗಿಂತ ಹೆಚ್ಚು ಸುರಿದೆ. ಮಾವನ ಮೀಸೆ ಒಮ್ಮೆ ಅದುರಿತು. ಈಗತಾನೇ ಚರಟ ಎಂದದ್ದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ಬೀಗರು, "ಸಾಕು ಬುಡವ್ವ, ಸಾಕು" ಎಂದು ನಗುತ್ತ ಕಾಳು ತಿಂದು ಮೇಲೆದ್ದರು. ಅರ್ಧ ಮಡಕೆ ಬಾಡು ಉಳಿಯಿತು. ಅದನ್ನು ಎತ್ತಿಕೊಂಡು ಒಳಗೆ ಬರುವಾಗ ನನ್ನ ಬಾಯಲ್ಲಿ ನೀರೂರುತ್ತಿತ್ತು. ಎರಡು ತಟ್ಟೆ ಇಟ್ಟೆ, ಒಂದು ಅತ್ತೆಗೆ, ಒಂದು ನನಗೆ.

ಕೈ ತೊಳೆದು ಬಂದ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಗದರಲಿಲ್ಲ. ಬೀಗರಿಗೆ ಕೇಳುವ ಹಾಗೆ, "ಉಳ್ದಿರೋ ಬಾಡ ಮಗನ ಕ್ಯಾರಿಯರ್‌ಗೆ ಆಕ್ಕೊಡವ್ವ. ಬೀಗರ ಮನೇಲಿ ಮಕ್ಕಳು ಮರಿ ತಿನ್ಲಿ" ಎಂದರು. ಬೀಗರು ಬೇಡ ಬೇಡ ಎಂದರು, ಆದರೆ ಬೇಡ ಎನ್ನುವವರ ಹಾಗೆ ಎನ್ನಲಿಲ್ಲ. ನಾನು ನನ್ನ ಕೈಯಾರೆ ಒಂದೊಂದೇ ತುಂಡನ್ನು ಆ ಹಿತ್ತಾಳೆ ಕ್ಯಾರಿಯರ್‌ಗೆ ತುಂಬಿದೆ. ಮಧ್ಯಾಹ್ನದ ಬಸ್ಸಿಗೆ ಬಾಡು ಗುಂಡ್ಲುಪೇಟೆಗೆ ಹೊರಟಿತು. ನಮ್ಮ ಮಾವನಂಥ ಧಾರಾಳಿ ಇನ್ನೊಬ್ಬನಿಲ್ಲ ಎಂದು ಬೀಗರು ದಾರಿಯುದ್ದಕ್ಕೂ ಹೇಳಿಕೊಂಡು ಹೋದರಂತೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಡು ಬಸ್ಸು ಹತ್ತಿತು, ಕಾಳನ್ನು ನಾನೇ ಗಂಡಸರಿಗೆ ಸುರಿದು ಮುಗಿಸಿದ್ದೆ. ಮಡಕೆಯಲ್ಲಿ ತಿಳಿನೀರಿನಂಥ ಎಸರು. "ಬುದ್ವಂತೆ ಆಗಕ್ಕೋಗಿ ಕಾಳ್ನೂ ಕಳ್ಕಂಡಲ್ಲಮ್ಮಿ" ಎಂದರು ಅತ್ತೆ. ತಾವು ಉಣ್ಣಲೂ ಇಲ್ಲ, ಹಸಿವಿಲ್ಲವೆಂದರು. ನಾನು ಬರೀ ಹಿಟ್ಟು ಮುಂದಿಟ್ಟುಕೊಂಡು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ಮಕ್ಕಳ ಹಾಗೆ, ಜೋರಾಗಿ.

ಅಂದು ಸಂಜೆ ಗಂಡನಿಗೆ ಖಂಡಿತವಾಗಿ ಹೇಳಿದೆ, ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಹಂಗಳಕ್ಕೆ ಹೋಗುತ್ತೇನೆ, ಹೆತ್ತ ಮೇಲೂ ವಾಪಸು ಬರುವುದಿಲ್ಲ ಎಂದು. "ಬಾಡ್ಗೋಸ್ಕರ ಗಂಡನ ಮನೆ ಬುಟ್ಲು ಅಂತಾರೆ ಜನ" ಎಂದರು. ಅನ್ನಲಿ, ಅದು ನಿಜವೇ ಅಲ್ಲವೇ ಎಂದೆ. ತಡಿಕೆಯ ಆಚೆ ಅತ್ತೆ ಅಡಿಕೆ ಕತ್ತರಿಸುವ ಸದ್ದು ನಿಂತಿತು.

ಮತ್ತೆ ಭಾನುವಾರ ಬಂತು, ಮತ್ತೆ ಗುಡ್ಡೆ, ಮತ್ತೆ ಕಾಳು. ಎಸರು ಕುದಿಯುತ್ತಿತ್ತು. ಪ್ರತಿ ಸಲ ಈ ಹೊತ್ತಿಗೆ ಸರಿಯಾಗಿ ಅತ್ತೆ ನನ್ನನ್ನು ಬಾವಿಗೆ ನೀರಿಗೆ ಕಳಿಸುತ್ತಿದ್ದರು. ಅವತ್ತು ಕಳಿಸಲಿಲ್ಲ. "ಬಾಗ್ಲು ಮುಂದಕ್ಕೆ ಮಾಡು" ಎಂದರು. ಮಾಡಿದೆ. ಅವರು ರಾಗಿ ತುಂಬಿದ ಗುಡಾಣದಂಥ ವಾಡೆಯ ಹಿಂದಕ್ಕೆ ನೋಡದೆಯೇ ಕೈ ಹಾಕಿ ಒಂದು ಮಣ್ಣಿನ ಕುಡಿಕೆ ತೆಗೆದರು. ಸೌಟನ್ನು ಮಡಕೆಯೊಳಗೆ ಒಂದೇ ಸುತ್ತು ತಿರುಗಿಸಿದರು. ಮೆತ್ತನೆಯ ತುಂಡುಗಳು, ಈಲಿಯ ತುಂಡು, ಒಂದೂ ಮೂಳೆಯಿಲ್ಲದೆ ಕುಡಿಕೆಗೆ ಬಿದ್ದವು. ನೆಲಕ್ಕೆ ಸಿಡಿದ ಎಸರನ್ನು ಅಂಗಾಲಿನಿಂದ ಒರೆಸಿ ಮೇಲೆ ಬೂದಿ ಎಳೆದರು. ಮಾವ ಉಪ್ಪು ಹಾಕಲು ಬರುವಷ್ಟರಲ್ಲಿ ಇದೆಲ್ಲ ಇನ್ನೂ ಹತ್ತು ಸಲ ಮಾಡಬಹುದಿತ್ತು, ಅಷ್ಟು ಪಳಗಿದ ಕೈ.

ಕುಡಿಕೆಯನ್ನು ನನ್ನ ಮುಂದೆ ತಳ್ಳಿದರು. "ತಿನ್ನು."

ಒಳಗೆ ನೋಡಿದೆ. ಹೊಸ ಕುಡಿಕೆಯಲ್ಲ ಅದು. ವರ್ಷಾನುಗಟ್ಟಲೆ ಕೊಬ್ಬು ಕುಡಿದು ಅದರ ಒಡಲು ಕಪ್ಪಗೆ ಮಿರುಗುತ್ತಿತ್ತು. ನನಗೆ ಒಮ್ಮೆಗೇ ಎಲ್ಲ ಹೊಳೆಯಿತು. ನಾನು ಬಾವಿಯ ಹತ್ತಿರ ಹಗ್ಗ ಎಳೆಯುವಾಗ ಇಲ್ಲಿ ನಡೆಯುತ್ತಿದ್ದದ್ದು, ಒಂದೇ ಉಂಡೆ ಹಿಟ್ಟಿಗೆ ಬರುತ್ತಿದ್ದ ಆ ತೃಪ್ತಿಯ ತೇಗು, ಪುಣ್ಯವಂತರ ಸತ್ವ, ಎಲ್ಲ. ಆ ಮುದುಕಿಯ ತಲೆಗೆ ಸೌಟಿನಲ್ಲಿ ಒಂದು ಬಿಡೋಣ ಎನ್ನುವಷ್ಟು ಸಿಟ್ಟು ಬಂತು. ಆದರೆ ಮೊದಲು ತಿಂದೆ. ಉಪ್ಪಿಲ್ಲ, ನಾಲಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅಂಥ ಬಾಡನ್ನು ನಾನು ಅದಕ್ಕೆ ಮುಂಚೆಯೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಬಾಯಿ ಬಿಡುವಾದ ಮೇಲೆ ಕೇಳಿದೆ, "ಯಾವಾಗ್ನಿಂದ ಅತ್ತೆ ಇದು?"

ಅವರು ನನ್ನ ಮುಖ ನೋಡಲಿಲ್ಲ. ಒಲೆಗೆ ಸೌದೆ ಒತ್ತುತ್ತ ಹೇಳಿದರು: "ನಂಗೂ ನಮ್ಮತ್ತೆ ಕಾಳೇ ಆಕ್ತಿದ್ಲು ಕಣಮ್ಮಿ. ಅವ್ಳು ಸತ್ ಮೇಲೆ ವಾಡೆ ಇಂದ್ಗಡೆ ಗುಡಿಸುವಾಗ ಈ ಕುಡಿಕೆ ಸಿಕ್ತು."

ಪಡಸಾಲೆಯಿಂದ ಮಾವನ ದನಿ ಬಂತು. "ಏನ್ರಮ್ಮಿ, ಉಪ್ಪು ಆಕಕ್ ಬರ್ಲಾ?"

ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕುಡಿಕೆಯಲ್ಲಿ ಇನ್ನೂ ಎರಡು ತುಂಡು ಇದ್ದವು. ನನ್ನ ಕಡೆ ಕಣ್ಣಲ್ಲೇ ಬೇಗ ಎಂದು, ಆಚೆಗೆ ಕೂಗಿ ಹೇಳಿದರು:

"ಇನ್ನೂ ಬೇಯ್ಬೇಕು ಕಣಿ, ಕೂತ್ಕಳಿ."