ಅವ್ವನ ಟೋಕನ್

ದಂತವೈದ್ಯರ ಕ್ಲಿನಿಕ್ಕಿನ ಲವಂಗದೆಣ್ಣೆ ವಾಸನೆ ಇವತ್ತು ನನ್ನನ್ನು ಪೀಣ್ಯದ ನಮ್ಮ ಬಾಡಿಗೆ ಕೋಣೆಗೆ ಎಳೆದೊಯ್ದಿತು. ಆಗ ಅವ್ವ ದವಡೆಯಲ್ಲಿ ಲವಂಗ ಒತ್ತಿಕೊಂಡೇ ಗಾರ್ಮೆಂಟ್ಸ್‌ ಕೆಲಸಕ್ಕೆ ಹೋಗುತ್ತಿದ್ದಳು. ಒಮ್ಮೆ ಫ್ಯಾಕ್ಟರಿಯಲ್ಲಿ ಹಲ್ಲಿನ ಕ್ಯಾಂಪ್ ನಡೆಸಿ, ಒಬ್ಬರಿಗೆ ಒಂದೇ ಟೋಕನ್ ಕೊಟ್ಟರು. ಅವ್ವ ತನ್ನ ಟೋಕನ್ ತೋರಿಸಿ, ಹುಳುಕು ಹಲ್ಲಿನ ನನ್ನನ್ನು ಕುರ್ಚಿಗೆ ಹತ್ತಿಸಿದಳು.

“ಇದು ಹಾಲುಹಲ್ಲು ಕಣಮ್ಮ, ತಾನಾಗೇ ಬಿದ್ದೋಗುತ್ತೆ. ನಿಮ್ಮ ಕೆನ್ನೆನೇ ಊದ್ಕೊಂಡಿದೆ, ನೀವು ಕೂತ್ಕೊಳ್ಳಿ,” ಅಂದರು ಡಾಕ್ಟರು.

“ನಂದಿರಲಿ ಬಿಡ್ರಿ. ಅಕೀದು ತುಂಬ್ರಿ,” ಅಂದಳು ಅವ್ವ.

ಸಿಮೆಂಟು ತುಂಬಿದ ಆ ಹಲ್ಲು ಯುಗಾದಿಗೆ ಮುಂಚೆಯೇ ಬಿತ್ತು. ಅವ್ವನ ದವಡೆ ಹಲ್ಲುಗಳೂ ಒಂದೊಂದಾಗಿ ಹೋದವು. ನಾನು ಕಟಕಟನೆ ಕಡಿಯುತ್ತಿದ್ದ ಖಡಕ್ ರೊಟ್ಟಿಯನ್ನು ಅವಳು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು. ನನ್ನ ಆ ಕಟಕಟ ಸದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಇವತ್ತು ಅವಳಿಗೆ ಹಲ್ಲಿನ ಸೆಟ್ ಕಟ್ಟಿಸಲು ಬಂದಿದ್ದೇವೆ. ಕುರ್ಚಿಯಲ್ಲಿ ಕೂತವಳು ಬಾಯಿ ತೆರೆಯುವ ಮೊದಲು ನನ್ನತ್ತ ಕೈ ತೋರಿಸಿದಳು.

“ಡಾಕ್ಟ್ರ, ಮೊದಲ ಅಕೀ ಹಲ್ಲು ನೋಡ್ರಿ.”